ನಿಲ್ದಾಣದ ಹತ್ತಿರ ಮನೆ ಹಿಡಿಯುವವರಿಗೆ: ನಕ್ಷೆಗಿಂತ ಮೊದಲು ಟೈಮ್‌ಟೇಬಲ್ ನೋಡಿ

ಬಾಡಿಗೆ ಮನೆಯ ಜಾಹೀರಾತಿನಲ್ಲಿ ‘ಮೆಟ್ರೊ ನಿಲ್ದಾಣಕ್ಕೆ ಐದೇ ನಿಮಿಷ’ ಎಂಬ ಸಾಲು ಕಂಡರೆ, ಆ ಐದು ನಿಮಿಷವನ್ನು ಎಲ್ಲಿಂದ ಎಲ್ಲಿಯವರೆಗೆ ಎಣಿಸಿದ್ದಾರೆ ಎಂದು ಮೊದಲು ಕೇಳಬೇಕು. ಜಪಾನಿನಲ್ಲಿ ಇದಕ್ಕೊಂದು ನಿಯಮವೇ ಇದೆ. ಅಲ್ಲಿನ ಮನೆ ಜಾಹೀರಾತುಗಳಲ್ಲಿ ರಸ್ತೆಯ ಮೇಲಿನ ದೂರವನ್ನು 80 ಮೀಟರಿಗೆ ಒಂದು ನಿಮಿಷದಂತೆ ಲೆಕ್ಕ ಹಾಕಿ, ಮಿಕ್ಕ ಚಿಲ್ಲರೆ ಮೀಟರುಗಳಿಗೆ ಇನ್ನೊಂದು ಪೂರ್ತಿ ನಿಮಿಷ ಸೇರಿಸಬೇಕು. 401 ಮೀಟರ್ ಇದ್ದರೆ ಆರು ನಿಮಿಷ ಎಂದೇ ಬರೆಯಬೇಕು. ಲಂಡನ್ನಿನ ಸಾರಿಗೆ ಯೋಜನಾಕಾರರು ಒಂದು ಜಾಗಕ್ಕೆ ಸಾರಿಗೆ ಎಷ್ಟು ಕೈಗೆಟಕುತ್ತದೆ ಎಂದು ಅಳೆಯುವಾಗಲೂ ಇದೇ ನಡಿಗೆಯ ವೇಗವನ್ನು ಹಿಡಿಯುತ್ತಾರೆ, ಅಂದರೆ ಗಂಟೆಗೆ 4.8 ಕಿಲೋಮೀಟರ್. ಅವರ ಲೆಕ್ಕದಲ್ಲಿ ಬಸ್ಸಿಗೆ 640 ಮೀಟರ್, ರೈಲಿಗೆ 960 ಮೀಟರ್ ಮಿತಿ. ಅದರಾಚೆಗಿನ ನಿಲ್ದಾಣ ಇದ್ದರೂ ಇಲ್ಲದ ಹಾಗೆಯೇ.

ಬಹುಪಾಲು ಕಡೆ ಜಾಹೀರಾತಿಗೆ ಇಂಥ ಕಟ್ಟುಪಾಡೇನೂ ಇಲ್ಲ. ಹೆಚ್ಚಾಗಿ ನಕ್ಷೆಯ ಮೇಲೆ ಎಳೆದ ನೇರ ಗೆರೆಯೇ ಐದು ನಿಮಿಷವಾಗಿ ಬರುತ್ತದೆ. ಆದರೆ ಯಾರೂ ಕಟ್ಟಡಗಳ ನಡುವೆ ತೂರಿಕೊಂಡು ನೇರ ನಡೆಯಲಾರರು. ರಸ್ತೆಗಳು ಚೌಕಚೌಕವಾಗಿರುವ ಬಡಾವಣೆಯಲ್ಲಿ ಕರ್ಣದ ದಿಕ್ಕಿನಲ್ಲಿ 800 ಮೀಟರ್ ಇರುವ ಜಾಗಕ್ಕೆ ಕಾಲ್ನಡಿಗೆಯಲ್ಲಿ ಸುಮಾರು 1,130 ಮೀಟರ್ ಆಗುತ್ತದೆ. ನಡುವೆ ರೈಲು ಹಳಿ, ದೊಡ್ಡ ಹೆದ್ದಾರಿ, ರಾಜಕಾಲುವೆ ಅಥವಾ ಯಾವುದೋ ಸಂಸ್ಥೆಯ ಉದ್ದನೆಯ ಕಾಂಪೌಂಡ್ ಗೋಡೆ ಬಂದರೆ ಅದು ಇನ್ನಷ್ಟು ಹಿಗ್ಗುತ್ತದೆ. ನಿಲ್ದಾಣ ಎದುರಿಗೇ ಕಾಣುತ್ತಿದ್ದರೂ ಅದರ ಬಾಗಿಲು ಆಚೆ ಬದಿಗೆ ಮಾತ್ರ ಇರುವುದು ತೀರಾ ಸಾಮಾನ್ಯ. ಎರಡೂ ಬದಿಗೆ ಬಾಗಿಲಿದ್ದರೂ ಒಂದನ್ನು ರಾತ್ರಿ ಬೇಗ ಮುಚ್ಚುವ ನಿಲ್ದಾಣಗಳಿವೆ.

ಇಷ್ಟಾದರೂ ಇದು ಗೇಟಿನಿಂದ ನಿಲ್ದಾಣದ ಬಾಗಿಲವರೆಗಿನ ಲೆಕ್ಕ. ನಾವು ನಿಜವಾಗಿ ನಡೆಯುವುದು ಮನೆಯ ಬಾಗಿಲಿಗೆ ಬೀಗ ಹಾಕಿದಲ್ಲಿಂದ ರೈಲಿನ ಬಾಗಿಲವರೆಗೆ. ಈ ಎರಡರ ನಡುವಿನ ಚೂರುಪಾರುಗಳನ್ನು ಕೂಡಿಸಿ ನೋಡಿ. ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಎಲ್ಲರೂ ಹೊರಡುವ ಹೊತ್ತಿಗೆ ಲಿಫ್ಟಿಗೆ ಕಾಯುವ ಸಮಯ ಒಂದು. ದೊಡ್ಡ ಸಂಕೀರ್ಣವಾದರೆ ನಿಮ್ಮ ಬ್ಲಾಕಿನಿಂದ ಮುಖ್ಯ ಗೇಟಿಗೇ ಮುನ್ನೂರು ಮೀಟರ್ ಇರಬಹುದು. ಆಮೇಲೆ ರಸ್ತೆ ದಾಟುವುದು. ಸಿಗ್ನಲ್‌ನ ಒಂದು ಸುತ್ತು 120 ಸೆಕೆಂಡ್, ಅದರಲ್ಲಿ ಪಾದಚಾರಿಗಳಿಗೆ ಹಸಿರು 30 ಸೆಕೆಂಡ್ ಎಂದಿಟ್ಟುಕೊಂಡರೆ ಸರಾಸರಿ ಕಾಯುವುದು 34 ಸೆಕೆಂಡ್, ಅದೃಷ್ಟ ಕೆಟ್ಟ ದಿನ 90 ಸೆಕೆಂಡ್. ನಡುವಿನ ವಿಭಜಕದ ಮೇಲೆ ನಿಂತು ಎರಡು ಕಂತಿನಲ್ಲಿ ದಾಟಬೇಕಾದರೆ ಎರಡು ಸಲ ಕಾಯಬೇಕು. ನಿಲ್ದಾಣದೊಳಗೆ ಹೋದ ಮೇಲೆ ತಪಾಸಣೆಯ ಸಾಲು, ಟಿಕೆಟ್ ಗೇಟು, ಎಸ್ಕಲೇಟರ್. ನೆಲದಿಂದ ಇಪ್ಪತ್ತು ಮೀಟರ್ ಆಳದ ಪ್ಲಾಟ್‌ಫಾರಂಗೆ 30 ಡಿಗ್ರಿ ಇಳಿಜಾರಿನ ಎಸ್ಕಲೇಟರ್ ನಲವತ್ತು ಮೀಟರ್ ಉದ್ದ ಬೇಕಾಗುತ್ತದೆ. ಅದು ಸೆಕೆಂಡಿಗೆ ಅರ್ಧ ಮೀಟರಿನಂತೆ ಓಡಿದರೆ ಸುಮ್ಮನೆ ನಿಂತು ಇಳಿಯುವುದಕ್ಕೆ 80 ಸೆಕೆಂಡ್. ಅದು ಕೆಟ್ಟು ನಿಂತ ದಿನ ಸುಮಾರು 120 ಮೆಟ್ಟಿಲು. ಜಾಹೀರಾತಿನ ಐದು ನಿಮಿಷ ಹೀಗೆ ಕಣ್ಣೆದುರೇ ಹನ್ನೊಂದಾಗುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ, ಅಳತೆಪಟ್ಟಿ ಮಾತ್ರ ಬೇರೆ.

ಹಾಗೆಂದು ನಡಿಗೆಯ ನಿಮಿಷಗಳೇ ಎಲ್ಲಕ್ಕಿಂತ ದೊಡ್ಡವು ಎಂದುಕೊಳ್ಳಬಾರದು. ಮನೆ ಹುಡುಕುವವರು ನಕ್ಷೆಯಲ್ಲಿ ಇನ್ನೂರು ಮೀಟರ್ ಉಳಿಸಲು ಹೆಣಗುತ್ತಾರೆ, ಆದರೆ ಆ ನಿಲ್ದಾಣಕ್ಕೆ ಎಷ್ಟು ನಿಮಿಷಕ್ಕೊಂದು ರೈಲು ಬರುತ್ತದೆ ಎಂದು ನೋಡಿರುವುದಿಲ್ಲ. ಇನ್ನೂರು ಮೀಟರ್ ಎಂದರೆ ಎರಡೂವರೆ ನಿಮಿಷ. ನಾಲ್ಕು ನಿಮಿಷಕ್ಕೊಂದು ರೈಲಿನ ಮಾರ್ಗಕ್ಕೂ ಹದಿನೈದು ನಿಮಿಷಕ್ಕೊಂದು ರೈಲಿನ ಮಾರ್ಗಕ್ಕೂ ಕಾಯುವುದರಲ್ಲೇ ಸರಾಸರಿ ಐದೂವರೆ ನಿಮಿಷದ ವ್ಯತ್ಯಾಸ. ಒಂದು ರೈಲು ತಪ್ಪಿಹೋದ ದಿನ ಹನ್ನೊಂದು ನಿಮಿಷ. ಬಾಡಿಗೆಯ ಹೆಚ್ಚುವರಿ ಹಣ ಕೊಟ್ಟು ನಾವು ಕೊಳ್ಳುವುದು ಭರವಸೆಯ ಸಮಯವನ್ನು, ಅದು ಹಳಿಯ ಸಾಮೀಪ್ಯಕ್ಕಿಂತ ರೈಲುಗಳ ಓಡಾಟವನ್ನು ಹೆಚ್ಚು ಅವಲಂಬಿಸಿರುತ್ತದೆ. ಈ ಬರಹದಲ್ಲಿ ಒಂದನ್ನೇ ಗಟ್ಟಿಯಾಗಿ ಹೇಳು ಎಂದರೆ ಇದನ್ನೇ ಹೇಳುತ್ತೇನೆ.

ಕಾಯುವ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹತ್ತು ನಿಮಿಷಕ್ಕೊಂದು ಬಸ್ಸು ಸರಿಯಾದ ಅಂತರದಲ್ಲಿ ಬಂದರೆ, ಗಡಿಯಾರ ನೋಡದೆ ಹೋಗಿ ನಿಂತವರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಅವೇ ಬಸ್ಸುಗಳು ಜೋಡಿಜೋಡಿಯಾಗಿ ಬಂದರೆ? ಒಮ್ಮೆ 18 ನಿಮಿಷದ ಅಂತರ, ಹಿಂದೆಯೇ 2 ನಿಮಿಷದ್ದು, ಮತ್ತೆ 18. ಗಂಟೆಗೆ ಬರುವ ಬಸ್ಸುಗಳು ಆಗಲೂ ಆರೇ. ಆದರೆ ನಾವು ಹೋಗಿ ನಿಲ್ಲುವುದು ಉದ್ದನೆಯ ಅಂತರದಲ್ಲೇ ಹೆಚ್ಚು, ಆದ್ದರಿಂದ ಸರಾಸರಿ ಕಾಯುವಿಕೆ 8.2 ನಿಮಿಷಕ್ಕೆ ಏರುತ್ತದೆ. ಇಲಾಖೆಯ ಪಟ್ಟಿಯಲ್ಲಿ ಎಲ್ಲವೂ ಸರಿಯಾಗಿ ಕಂಡರೂ ನಿಲ್ದಾಣದಲ್ಲಿ ನಿಂತವರು ಶಪಿಸುವುದು ಇದರಿಂದಲೇ. ಬಸ್ಸುಗಳು ಹೀಗೆ ಗುಂಪಾಗುವುದೇಕೆ ಎಂಬುದನ್ನು ಸಂಶೋಧಕರಾದ ಜಿ. ಎಫ್. ನ್ಯೂಯೆಲ್ ಮತ್ತು ಆರ್. ಬಿ. ಪಾಟ್ಸ್ 1964ರಲ್ಲೇ ಗಣಿತದಿಂದ ತೋರಿಸಿದರು. ತುಸು ತಡವಾದ ಬಸ್ಸಿಗೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಕಾದಿರುತ್ತಾರೆ, ಅವರು ಹತ್ತುವಷ್ಟರಲ್ಲಿ ಅದು ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆ ಸಿಕ್ಕಿ ಅದು ಬೇಗ ಬೇಗ ಬಂದು ಮುಂದಿನದನ್ನು ಹಿಡಿಯುತ್ತದೆ. ಮಾರ್ಗ ಉದ್ದವಾದಷ್ಟೂ ಈ ರೋಗ ಬೆಳೆಯುತ್ತದೆ.

ಮನೆ ಹುಡುಕುವವರಿಗೆ ಇದರಿಂದ ನೇರವಾದ ಉಪಯೋಗವಿದೆ. ಬಸ್ಸನ್ನೇ ನಂಬುವವರು ಮಾರ್ಗದ ಆರಂಭದ ಒಂದೆರಡು ಕಿಲೋಮೀಟರಿನೊಳಗೆ ಮನೆ ನೋಡುವುದು ಲೇಸು. ಅಲ್ಲಿ ಬಸ್ಸು ಇನ್ನೂ ವೇಳೆಗೆ ಹತ್ತಿರವಿರುತ್ತದೆ, ಸೀಟೂ ಸಿಗುತ್ತದೆ. ರೈಲಿಗೂ ಈ ಮಾತು ಅರ್ಧ ನಿಜ. ಕೊನೆಯ ನಿಲ್ದಾಣದಲ್ಲಿ ಹತ್ತುವವರಿಗೆ ಸೀಟು ಖಚಿತ, ಆದರೆ ಎಷ್ಟೋ ಮಾರ್ಗಗಳಲ್ಲಿ ಎರಡಕ್ಕೊಂದು ರೈಲು ಅರ್ಧದಲ್ಲೇ ತಿರುಗಿ ಹೋಗುತ್ತದೆ. ಮಧ್ಯದಲ್ಲಿ ನಾಲ್ಕು ನಿಮಿಷಕ್ಕೊಂದು ಓಡುವ ರೈಲು ತುದಿಗೆ ಎಂಟು ನಿಮಿಷಕ್ಕೊಂದು. ಮಾರ್ಗ ಕವಲೊಡೆಯುವ ಕಡೆಯೂ ಅಷ್ಟೇ: ಕಾಂಡದ ಮೇಲೆ ಮೂರು ನಿಮಿಷಕ್ಕೊಂದು ಇದ್ದದ್ದು ಪ್ರತಿ ಕವಲಿನ ಮೇಲೆ ಆರು. ಕವಲಿನ ಮೇಲಿನ ನಿಲ್ದಾಣಕ್ಕೆ ಮುನ್ನೂರು ಮೀಟರ್ ಇರುವ ಮನೆಗಿಂತ ಕಾಂಡದ ಮೇಲಿನ ನಿಲ್ದಾಣಕ್ಕೆ ನಾನೂರು ಮೀಟರ್ ಇರುವ ಮನೆಯೇ ವಾಸಿ. ತದ್ವಿರುದ್ಧವಾಗಿ, ಮಾರ್ಗದ ನಡುವಿನ ನಿಲ್ದಾಣಗಳಿಗೆ ಬೆಳಿಗ್ಗೆಯ ರೈಲು ತುಂಬಿಕೊಂಡೇ ಬರುತ್ತದೆ. ಬೋಗಿಯಲ್ಲಿ ಚದರ ಮೀಟರಿಗೆ ನಾಲ್ಕು ಜನ ನಿಂತಿದ್ದರೆ ಹೇಗೋ ಸುಧಾರಿಸಿಕೊಳ್ಳಬಹುದು, ಆರು ಜನವಾದರೆ ಕೈ ಎತ್ತಲೂ ಆಗದು. ಮೊದಲ ರೈಲಿಗೆ ಹತ್ತಲಾಗದೆ ಎರಡನೆಯದಕ್ಕೆ ಕಾಯುವ ನಿಲ್ದಾಣವಾದರೆ, ಲೆಕ್ಕದಲ್ಲಿ ಒಂದು ರೈಲಿನ ಪೂರ್ತಿ ಅಂತರವನ್ನು ಸೇರಿಸಿಕೊಳ್ಳಬೇಕು. ಕಚೇರಿ ಊರ ನಡುವೆಯೇ ಇರಬೇಕೆಂದೇನೂ ಇಲ್ಲ. ಎಲ್ಲರೂ ಒಳಗೆ ಬರುವ ಹೊತ್ತಿಗೆ ನೀವು ಹೊರಗೆ ಹೋಗುವವರಾದರೆ ನಡುವಿನ ನಿಲ್ದಾಣಕ್ಕಿಂತ ಒಳ್ಳೆಯ ಜಾಗವಿಲ್ಲ.

ಹುಡುಕಾಟವನ್ನು ಮನೆಯಿಂದ ಆರಂಭಿಸಬೇಡಿ, ಕೆಲಸದ ಜಾಗದಿಂದ ಹಿಮ್ಮುಖವಾಗಿ ಬನ್ನಿ. ಕಚೇರಿಗೆ ಹತ್ತಿರದ ನಿಲ್ದಾಣದಿಂದ ಬದಲಾಯಿಸದೆ ಒಂದೇ ರೈಲಿನಲ್ಲಿ 25 ನಿಮಿಷದೊಳಗೆ ತಲುಪುವ ನಿಲ್ದಾಣಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಅದರ ಪಕ್ಕದಲ್ಲಿ ಒಂದೇ ಬದಲಾವಣೆಯಿಂದ ತಲುಪುವವುಗಳನ್ನು. ಎರಡು ಬದಲಾವಣೆಯವನ್ನು ಬರೆಯುವುದೇ ಬೇಡ. ಸಾರಿಗೆ ಲೆಕ್ಕ ಹಾಕುವವರು ಕಾಯುವ ಮತ್ತು ನಡೆಯುವ ಒಂದು ನಿಮಿಷವನ್ನು ರೈಲಿನೊಳಗೆ ಕಳೆಯುವ ಸುಮಾರು ಎರಡು ನಿಮಿಷಕ್ಕೆ ಸಮ ಎಂದು ಹಿಡಿಯುವುದು ರೂಢಿ, ಬದಲಾವಣೆ ಎಂಬುದಕ್ಕೇ ಪ್ರತ್ಯೇಕವಾಗಿ ಇನ್ನಷ್ಟು ನಿಮಿಷಗಳ ದಂಡವನ್ನೂ ಹಾಕುತ್ತಾರೆ. ಮನುಷ್ಯರು ನಡೆದುಕೊಳ್ಳುವುದು ಹಾಗೆಯೇ. ಸೀಟಿನಲ್ಲಿ ಕೂತು ನೇರ ಹೋಗುವ ನಲವತ್ತು ನಿಮಿಷ, ಎರಡು ಕಡೆ ಇಳಿದು ಹತ್ತುವ ಮೂವತ್ತೆರಡು ನಿಮಿಷಕ್ಕಿಂತ ಸುಖ. ಎರಡು ಮಾರ್ಗಗಳು ಕೂಡುವ ಜಂಕ್ಷನ್ ನಿಲ್ದಾಣದ ಪಕ್ಕದ ಮನೆಗಳಿಗೆ ಬಾಡಿಗೆಯೂ ಹೆಚ್ಚು, ಗದ್ದಲವೂ ಹೆಚ್ಚು. ಅಲ್ಲಿಂದ ಒಂದು ನಿಲ್ದಾಣ ಆಚೆಗೆ ಹೋದರೆ ಎರಡು ಮೂರು ನಿಮಿಷ ಹೆಚ್ಚಾಗುತ್ತದೆ ಅಷ್ಟೇ, ಜಂಕ್ಷನ್ನಿನ ಅನುಕೂಲವೆಲ್ಲ ಉಳಿಯುತ್ತದೆ. ನನ್ನ ಪ್ರಕಾರ ಬಾಡಿಗೆದಾರರಿಗೆ ಸಿಗುವ ಅತ್ಯುತ್ತಮ ಜಾಗ ಇದೇ, ಯಾಕೆಂದರೆ ನಾಳೆ ಕೆಲಸ ಬದಲಾದರೂ ಮನೆ ಬದಲಿಸದೆ ಬೇರೆ ದಿಕ್ಕಿಗೆ ಹೋಗಿಬರಬಹುದು.

ಪ್ರಯಾಣದ ಆ್ಯಪ್‌ಗಳಲ್ಲಿ ಸಮಯ ನೋಡುವಾಗ ಒಂದು ಎಚ್ಚರ. ನೀವು ಹುಡುಕಿದ ಕ್ಷಣವನ್ನೇ ಹೊರಡುವ ಸಮಯವೆಂದು ಅವು ತಿಳಿಯುತ್ತವೆ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಕೂತು ಹುಡುಕಿದರೆ ಬರುವ ಉತ್ತರಕ್ಕೂ ಬೆಳಗಿನ ಒಂಬತ್ತರ ಉತ್ತರಕ್ಕೂ ಸಂಬಂಧವಿರುವುದಿಲ್ಲ. ಹೊರಡುವ ಸಮಯದ ಬದಲು ‘ಇಷ್ಟು ಗಂಟೆಗೆ ತಲುಪಬೇಕು’ ಎಂಬ ಆಯ್ಕೆಗೆ ಬದಲಿಸಿ, ಕೆಲಸದ ದಿನವೊಂದನ್ನು ಆರಿಸಿ. ಮತ್ತೆ ಅದೇ ಮಾರ್ಗವನ್ನು ರಾತ್ರಿ ಹತ್ತೂವರೆಗೆ ಮತ್ತು ಭಾನುವಾರ ಮಧ್ಯಾಹ್ನಕ್ಕೆ ನೋಡಿ. ಕೊನೆಯ ರೈಲು ಎಷ್ಟು ಗಂಟೆಗೆ ಎಂಬುದಕ್ಕಿಂತ, ಕೊನೆಯ ಎರಡು ಗಂಟೆಗಳಲ್ಲಿ ಎಷ್ಟು ನಿಮಿಷಕ್ಕೊಂದು ರೈಲು ಎಂಬುದು ಮುಖ್ಯ. ಪಾಳಿಯ ಮೇಲೆ ದುಡಿಯುವವರು ಬೆಳಗಿನ ಮೊದಲ ರೈಲು ವಾರದ ರಜೆಯ ದಿನ ತಡವಾಗಿ ಹೊರಡುತ್ತದೆಯೇ ಎಂಬುದನ್ನೂ ನೋಡಬೇಕು.

ಬಾಡಿಗೆಯ ವ್ಯತ್ಯಾಸ ಎಷ್ಟಿದ್ದರೆ ಒಪ್ಪಬಹುದು? ಇದನ್ನು ಲೆಕ್ಕ ಹಾಕಬಹುದು. ಹತ್ತಿರದ ಮನೆಯಿಂದ ಒಂದು ದಿಕ್ಕಿಗೆ ಇಪ್ಪತ್ತು ನಿಮಿಷ ಉಳಿಯುತ್ತದೆ ಎನ್ನಿ. ತಿಂಗಳಿಗೆ 22 ಕೆಲಸದ ದಿನ, ದಿನಕ್ಕೆ ಎರಡು ಸಲ, ಒಟ್ಟು 880 ನಿಮಿಷ. ಅಂದರೆ 14 ಗಂಟೆ 40 ನಿಮಿಷ, ಹೆಚ್ಚುಕಡಿಮೆ ಎರಡು ಕೆಲಸದ ದಿನಗಳು. ಪ್ರಯಾಣದಲ್ಲಿ ಉಳಿದ ಒಂದು ಗಂಟೆಗೆ ಸಾರಿಗೆ ಅರ್ಥಶಾಸ್ತ್ರದಲ್ಲಿ ಸಾಮಾನ್ಯವಾಗಿ ಒಂದು ಗಂಟೆಯ ಸಂಪಾದನೆಯ ಅರ್ಧದಷ್ಟು ಬೆಲೆ ಕಟ್ಟುತ್ತಾರೆ. ತಿಂಗಳಿಗೆ 176 ಗಂಟೆ ದುಡಿಯುವವರಿಗೆ ಆ 14 ಗಂಟೆ 40 ನಿಮಿಷದ ಬೆಲೆ ಸಂಬಳದ ಸುಮಾರು ಶೇಕಡಾ 4. ಸಂಪಾದನೆಯ ಪೂರ್ತಿ ಬೆಲೆ ಕಟ್ಟುತ್ತೇನೆ ಎನ್ನುವವರಿಗೆ ಶೇಕಡಾ 8. ಹತ್ತಿರದ ಮನೆಯ ಹೆಚ್ಚುವರಿ ಬಾಡಿಗೆ ಈ ಎರಡರ ನಡುವೆ ಇದ್ದರೆ ಯೋಚಿಸಬಹುದು, ಕೆಳಗಿದ್ದರೆ ಹಿಂದೆಮುಂದೆ ನೋಡಬೇಡಿ. ಇಬ್ಬರು ದುಡಿಯುವ ಮನೆಯಲ್ಲಿ ಇಬ್ಬರದ್ದನ್ನೂ ಬೇರೆ ಬೇರೆ ಹಾಕಿ ಕೂಡಿಸಬೇಕು. ಒಬ್ಬರಿಗೆ ಇಪ್ಪತ್ತು ನಿಮಿಷ ಉಳಿಸಿ ಇನ್ನೊಬ್ಬರಿಗೆ ಹದಿನೈದು ಹೆಚ್ಚಿಸುವ ಮನೆ ಕೂಡಿಸಿ ಕಳೆದರೆ ಉಳಿಸಿರುವುದು ಐದೇ ನಿಮಿಷ.

ಈ ಲೆಕ್ಕ ಒಣಗಿದ್ದು ಎನ್ನಿಸಬಹುದು. ಆದರೆ ಲೆಕ್ಕ ಹಾಕದೆ ಬಿಟ್ಟರೆ ನಮ್ಮ ಮನಸ್ಸು ಒಂದೇ ಕಡೆಗೆ ವಾಲುತ್ತದೆ. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಕುಟುಂಬ ಸಮೀಕ್ಷೆಯ ಮಾಹಿತಿ ಹಿಡಿದು ನೋಡಿ, 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಕಂಡರು: ದೂರ ಪ್ರಯಾಣಿಸುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಳ್ಳುತ್ತಾರೆ, ಸಂಬಳವಾಗಲಿ ಮನೆಯ ಅನುಕೂಲವಾಗಲಿ ಆ ಕೊರತೆಯನ್ನು ಪೂರ್ತಿ ತುಂಬಿಕೊಡುವುದಿಲ್ಲ. ಮನೆ ನೋಡಲು ಹೋದಾಗ ದೊಡ್ಡ ಹಜಾರ, ಹೆಚ್ಚಿನ ಒಂದು ಕೋಣೆ ಕಣ್ಣಿಗೆ ಬೀಳುತ್ತವೆ. ಪ್ರತಿದಿನದ ನಲವತ್ತು ನಿಮಿಷ ಅಲ್ಲಿ ಎಲ್ಲೂ ಕಾಣುವುದಿಲ್ಲ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಂತೆ, ಮನುಷ್ಯರು ಯಾವ ಕಾಲದಲ್ಲೂ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತ ಬಂದಿದ್ದಾರೆ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ದೊಡ್ಡ ನಗರದಲ್ಲಿ ಇದು ಕಷ್ಟವೇ, ಆದರೂ ಮನೆಬಾಗಿಲಿನಿಂದ ಕಚೇರಿಯ ಮೇಜಿನವರೆಗೆ 45 ನಿಮಿಷ ದಾಟುವ ಮನೆಗೆ ಬಹಳ ಗಟ್ಟಿಯಾದ ಬೇರೆ ಕಾರಣ ಬೇಕು.

ಸ್ವಂತ ವಾಹನದ ಖರ್ಚು ಉಳಿಯುತ್ತದೆ ಎಂಬ ಲೆಕ್ಕವನ್ನು ಎಚ್ಚರದಿಂದ ಹಾಕಿ. ಕಾರನ್ನು ನಿಜವಾಗಿ ಮಾರಿದರೆ ಕಂತು, ವಿಮೆ, ಸರ್ವಿಸ್, ಪಾರ್ಕಿಂಗ್ ಎಲ್ಲವೂ ಉಳಿಯುತ್ತವೆ. ಅದನ್ನು ಕೆಳಗೆ ನಿಲ್ಲಿಸಿಕೊಂಡೇ ರೈಲಿನಲ್ಲಿ ಓಡಾಡಿದರೆ ಉಳಿಯುವುದು ಇಂಧನವಷ್ಟೇ. ವಾಹನ ಇಲ್ಲದವರು ಮಾಲೀಕರ ಹತ್ತಿರ ಪಾರ್ಕಿಂಗ್ ಜಾಗ ಬಿಟ್ಟುಕೊಟ್ಟು ಬಾಡಿಗೆ ಇಳಿಸಿ ಎಂದು ಕೇಳಬಹುದು. ನಿಲ್ದಾಣದ ಹತ್ತಿರದ ಕಟ್ಟಡಗಳಲ್ಲಿ ಆ ಜಾಗಕ್ಕೆ ಬೇರೆ ಗಿರಾಕಿ ಸಿಗುವುದರಿಂದ ಎಷ್ಟೋ ಮಾಲೀಕರು ಒಪ್ಪುತ್ತಾರೆ.

ಇನ್ನೂ ಕಟ್ಟುತ್ತಿರುವ ಮಾರ್ಗದ ಹೆಸರು ಹೇಳಿ ಬಾಡಿಗೆ ಏರಿಸುವವರಿದ್ದಾರೆ. ಇದಕ್ಕೆ ಖಡಾಖಂಡಿತ ಉತ್ತರ ಒಂದೇ: ಓಡದ ರೈಲಿಗೆ ಬಾಡಿಗೆ ಕೊಡಬೇಡಿ. ಕಾಮಗಾರಿ ನಡೆಯುವ ರಸ್ತೆಯ ಧೂಳು, ತಿರುವುಮುರುವಿನ ಬಸ್ ಮಾರ್ಗ, ರಾತ್ರಿಯ ಕಾಂಕ್ರೀಟ್ ಲಾರಿಗಳ ಸದ್ದು ಇವೆಲ್ಲ ಬಾಡಿಗೆ ಇಳಿಸಿ ಕೇಳಲು ಕಾರಣಗಳು. ಮಾರ್ಗ ತೆರೆದ ದಿನ ಮನೆಯ ಬೆಲೆ ಏರಿದರೆ ಲಾಭ ಮಾಲೀಕರದ್ದು, ಬಾಡಿಗೆದಾರರ ಪಾಲಿಗೆ ಬರುವುದು ಹೆಚ್ಚಿದ ಬಾಡಿಗೆ. ಮುಂದಿನ ಎರಡು ಮೂರು ವರ್ಷದ ಏರಿಕೆ ಶೇಕಡಾ ಇಷ್ಟೇ ಎಂದು ಕರಾರಿನಲ್ಲಿ ಮೊದಲೇ ಬರೆಸಿಕೊಂಡವರಿಗೆ ಮಾತ್ರ ಅಂಥ ಜಾಗ ಒಳ್ಳೆಯದು.

ಇನ್ನು ಸದ್ದು. ಹತ್ತಿರದ ಮನೆ ಹಿಡಿದವರು ವರ್ಷದೊಳಗೆ ಬಿಟ್ಟುಹೋಗುವುದಕ್ಕೆ ದೊಡ್ಡ ಕಾರಣ ಇದು, ಮನೆ ನೋಡುವಾಗ ಜನ ಅತ್ಯಂತ ಕಡಿಮೆ ಪರೀಕ್ಷಿಸುವುದೂ ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪ್ ವಲಯಕ್ಕೆ ಕೊಟ್ಟ ಸಲಹೆಯಂತೆ, ರಾತ್ರಿಯ ಹೊತ್ತಿನಲ್ಲಿ ರೈಲಿನ ಸದ್ದು ಮನೆಯ ಹೊರಗೋಡೆಯ ಬಳಿ ಸರಾಸರಿ 44 ಡೆಸಿಬಲ್ ಮೀರಬಾರದು, ರಸ್ತೆಯ ಸದ್ದಾದರೆ 45. ನಗರದ ಮುಖ್ಯರಸ್ತೆಯ ಬದಿಯ ಯಾವ ಮನೆಯೂ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುವುದಿಲ್ಲ. ತುಸು ದೂರ ಸರಿದರೆ ಸರಿಹೋಗುತ್ತದೆ ಎಂದುಕೊಳ್ಳುತ್ತೇವೆ. ಆದರೆ ವಾಹನಗಳು ತುಂಬಿ ಹರಿಯುವ ರಸ್ತೆಯಾಗಲಿ ಉದ್ದನೆಯ ರೈಲಾಗಲಿ ಗೆರೆಯಂತೆ ಸದ್ದು ಹೊಮ್ಮಿಸುತ್ತವೆ, ದೂರ ಎರಡು ಪಟ್ಟಾದಾಗ ಇಳಿಯುವುದು ಸುಮಾರು 3 ಡೆಸಿಬಲ್ ಮಾತ್ರ. 25 ಮೀಟರಿನಿಂದ 100 ಮೀಟರಿಗೆ ಸರಿದರೂ ಬರೇ 6. ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸಲು 10 ಡೆಸಿಬಲ್ ಇಳಿಯಬೇಕು. ಆ ಹತ್ತನ್ನು ದೂರ ಕೊಡುವುದಿಲ್ಲ, ನಡುವೆ ಅಡ್ಡ ನಿಂತ ಕಟ್ಟಡ ಕೊಡುತ್ತದೆ. ಹಾಗಾಗಿ ನಿಲ್ದಾಣದ ಮುಂದಿನ ಸಾಲಿನ ಕಟ್ಟಡಕ್ಕಿಂತ ಅದರ ಬೆನ್ನಿಗಿರುವ ಎರಡನೇ ಸಾಲು ಉತ್ತಮ. ಒಂದೇ ಕಟ್ಟಡವಾದರೆ ಹಳಿಯ ಕಡೆ ಮುಖ ಮಾಡಿದ ಫ್ಲ್ಯಾಟ್ ಬಿಟ್ಟು ಹಿಂಬದಿಯದನ್ನು ಕೇಳಿ. ಮಲಗುವ ಕೋಣೆ ಯಾವ ಕಡೆಗಿದೆ ಎಂಬುದೊಂದೇ ಸಾಕು ತೀರ್ಮಾನಕ್ಕೆ.

ಎತ್ತರಿಸಿದ ಮಾರ್ಗದ ಪಕ್ಕದಲ್ಲಿ ಮಹಡಿಯ ಲೆಕ್ಕ ಬೇರೆ. ಸೇತುವೆಯ ಅಂಚಿನ ತಡೆಗೋಡೆ ಕೆಳಗಿನ ಮಹಡಿಗಳಿಗೆ ಮರೆಯಾಗುತ್ತದೆ, ಹಳಿಯ ಮಟ್ಟದವು ಮತ್ತು ಅದಕ್ಕಿಂತ ತುಸು ಮೇಲಿನವು ನೇರ ಏಟು ತಿನ್ನುತ್ತವೆ. ಅಲ್ಲಿ ರೈಲಿನೊಳಗಿನವರ ಕಣ್ಣೂ ನೇರ ನಿಮ್ಮ ಹಜಾರಕ್ಕೆ ಬೀಳುತ್ತದೆ. ಹಳಿ ಬಿಗಿಯಾಗಿ ತಿರುಗುವ ಕಡೆ ಚಕ್ರ ಜಾರಿ ಕಿರ್ರೆನ್ನುವ ಸದ್ದು ಬರುತ್ತದೆ, ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಕೂಡಿನ ಮೇಲೆ ಪ್ರತಿ ಗಾಲಿಯೂ ಬಡಿಯುತ್ತದೆ. ನೇರ ಹಳಿಯ ಪಕ್ಕದ ಮನೆಗಿಂತ ಇವೆರಡು ಕಡೆ ಖಂಡಿತ ಕಷ್ಟ. ಡಿಪೋ ಹತ್ತಿರವಾದರೆ ಪ್ರಯಾಣಿಕರ ರೈಲು ನಿಂತ ಮೇಲೂ ಕೆಲಸ ನಡೆಯುತ್ತಿರುತ್ತದೆ, ನಸುಕಿಗೇ ರೈಲುಗಳು ಹೊರಡುತ್ತವೆ. ಸುರಂಗ ಮಾರ್ಗದ ಮೇಲಿನ ಮನೆಗೆ ಗಾಳಿಯ ಸದ್ದು ಇಲ್ಲ, ಬದಲಿಗೆ ನೆಲದ ಮೂಲಕ ಏರಿ ಬಂದು ಗೋಡೆಯಲ್ಲಿ ಗುಂಯ್‌ಗುಡುವ ಕಂಪನ ಇರಬಹುದು. ಅದು ಕೆಳಗಿನ ಮಹಡಿಗಳಲ್ಲಿ ಹೆಚ್ಚು, ಮೇಲೆ ಹೋದಂತೆ ಸಾಮಾನ್ಯವಾಗಿ ಕಡಿಮೆ. ಪರೀಕ್ಷಿಸಲು ಫ್ಯಾನು, ಫ್ರಿಜ್ಜು ಎಲ್ಲ ನಿಲ್ಲಿಸಿ, ಕಿಟಕಿ ಮುಚ್ಚಿ, ಮಲಗುವ ಕೋಣೆಯ ಗೋಡೆಗೆ ಅಂಗೈ ಒತ್ತಿ ಮೂರು ನಾಲ್ಕು ರೈಲು ಹೋಗುವವರೆಗೂ ನಿಲ್ಲಿ. ಫೋನಿನ ಡೆಸಿಬಲ್ ಆ್ಯಪ್ ತೋರಿಸುವ ಅಂಕಿಯನ್ನು ನಂಬಬೇಡಿ, ಎರಡು ಮನೆಗಳನ್ನು ಅದೇ ಫೋನಿನಿಂದ ಹೋಲಿಸಲು ಮಾತ್ರ ಅದು ಸಾಕು.

ಕಿಟಕಿಯನ್ನು ಮನೆ ನೋಡುವಾಗಲೇ ಎಳೆದು, ಮುಚ್ಚಿ, ಕಿವಿ ಇಟ್ಟು ನೋಡಿ. ದಪ್ಪ ಗಾಜಿಗಿಂತ ಸಂದಿಲ್ಲದ ಚೌಕಟ್ಟು ಮುಖ್ಯ. ಕಿಟಕಿಯ ವಿಸ್ತೀರ್ಣದ ನೂರರಲ್ಲೊಂದು ಭಾಗ ಸಂದಿದ್ದರೂ ಸಾಕು, ಎಂಥ ಗಾಜು ಹಾಕಿದರೂ ಒಟ್ಟಿನಲ್ಲಿ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾಗದು. ಜಾರುವ ಕಿಟಕಿಗಳಲ್ಲಿ ಎರಡು ಕದಗಳು ಒಂದರ ಮೇಲೊಂದು ಬರುವ ಕಡೆ ಮತ್ತು ಕೆಳಗಿನ ಜಾಡಿನಲ್ಲಿ ಈ ಸಂದು ಇದ್ದೇ ಇರುತ್ತದೆ. ಬಾಗಿಲಿನಂತೆ ತೆರೆದು ರಬ್ಬರ್ ಪಟ್ಟಿಗೆ ಒತ್ತಿ ಮುಚ್ಚುವ ಕಿಟಕಿ ಬಹಳ ಮೇಲು. ದಪ್ಪ ಪರದೆಯಿಂದ ಬೆಳಕು ನಿಲ್ಲುತ್ತದೆ, ಸದ್ದು ನಿಲ್ಲುವುದಿಲ್ಲ. ಕಿಟಕಿ ಮುಚ್ಚಿಯೇ ಮಲಗಬೇಕಾದ ಮನೆಯಾದರೆ ಗಾಳಿಗೆ ಬೇರೆ ದಾರಿ ಬೇಕು, ಅದರ ವಿದ್ಯುತ್ ಖರ್ಚನ್ನು ಬಾಡಿಗೆಯ ಜೊತೆಗೇ ಕೂಡಿಸಿ. ರಬ್ಬರ್ ಪಟ್ಟಿ ಬದಲಿಸಿಕೊಡುವುದನ್ನು ಮುಂಗಡ ಕೊಡುವ ಮೊದಲೇ ಮಾಲೀಕರಿಂದ ಬರೆಸಿಕೊಳ್ಳಿ. ಸಣ್ಣ ಖರ್ಚಿನ ಕೆಲಸವಾದ್ದರಿಂದ ಆಗ ಒಪ್ಪುತ್ತಾರೆ, ಆರು ತಿಂಗಳಾದ ಮೇಲೆ ಕೇಳಿದರೆ ಒಪ್ಪುವುದು ಅಪರೂಪ.

ಹೀಗೆ ಎರಡು ಮೂರು ಮನೆ ಉಳಿದ ಮೇಲೆ ಪ್ರತಿಯೊಂದಕ್ಕೂ ಹೋಗಿ ನೋಡಬೇಕಾದ ಹೊತ್ತುಗಳು ಬೇರೆ ಬೇರೆ: ಕೆಲಸದ ದಿನ ನೀವು ಹೊರಡುವ ಹೊತ್ತು, ಕೆಲಸದ ದಿನ ರಾತ್ರಿ ಹತ್ತರ ನಂತರ, ಸಾಧ್ಯವಾದರೆ ಮಳೆ ಬಂದು ನಿಂತ ಕೂಡಲೇ ಒಮ್ಮೆ. ಬೆಳಗಿನ ಭೇಟಿಯಲ್ಲಿ ಮನೆಬಾಗಿಲಿನಿಂದ ಕಚೇರಿಯ ಮೇಜಿನವರೆಗೆ ಪೂರ್ತಿ ಹೋಗಿ, ಸಂಜೆ ಅದೇ ದಾರಿಯಲ್ಲಿ ಮರಳಿ. ಮರಳುವ ದಾರಿ ಹೋದ ದಾರಿಯಾಗಿರುವುದಿಲ್ಲ ಎಂಬುದು ಬಹಳ ಜನರಿಗೆ ಮನೆ ಹಿಡಿದ ಮೇಲೆ ತಿಳಿಯುತ್ತದೆ. ಏಕಮುಖ ರಸ್ತೆಯಾದರೆ ವಾಪಸು ಬರುವ ಬಸ್ಸು ಇನ್ನೊಂದು ಬೀದಿಯಲ್ಲಿ ನಿಲ್ಲುತ್ತದೆ, ಅದು ನಾನೂರು ಮೀಟರ್ ಆಚೆ ಇರಬಹುದು. ರಾತ್ರಿಯ ಭೇಟಿಯಲ್ಲಿ ನಿಲ್ದಾಣದಿಂದ ಮನೆಗೆ ಒಬ್ಬರೇ ನಡೆದು ನೋಡಿ. ಬೀದಿದೀಪಕ್ಕಿಂತಲೂ ತೆರೆದ ಅಂಗಡಿ, ಬೆಳಕಿರುವ ಮನೆಯ ಕಿಟಕಿ, ಓಡಾಡುವ ಜನ ಎಷ್ಟು ದೂರದವರೆಗೆ ಇದ್ದಾರೆ ಎಂಬುದನ್ನು ಗಮನಿಸಿ. ಒಂದೇ ಬದಿಗೆ ಉದ್ದನೆಯ ಕುರುಡು ಗೋಡೆ ಇರುವ ಇನ್ನೂರು ಮೀಟರ್ ರಸ್ತೆ, ಜನ ಓಡಾಡುವ ಆರುನೂರು ಮೀಟರಿಗಿಂತ ಕೆಟ್ಟದ್ದು. ತಡರಾತ್ರಿ ಮನೆಗೆ ಮರಳುವ ಹೆಣ್ಣುಮಕ್ಕಳಿರುವ ಮನೆಯವರು ಈ ಒಂದು ಭೇಟಿಯನ್ನು ಎಂದಿಗೂ ಬಿಡಬಾರದು. ಮಳೆಯ ಭೇಟಿಯಲ್ಲಿ ನೋಡಬೇಕಾದದ್ದು ಕೆಳಸೇತುವೆ ಮತ್ತು ಫುಟ್‌ಪಾತ್. ನಿಲ್ದಾಣಕ್ಕೆ ಇರುವ ಒಂದೇ ದಾರಿ ಕೆಳಸೇತುವೆಯದಾದರೆ, ನೀರು ನಿಂತ ದಿನ ಹತ್ತಿರದ ಮನೆ ಎಲ್ಲಕ್ಕಿಂತ ದೂರದ ಮನೆಯಾಗುತ್ತದೆ.

ಮಂಡಿನೋವಿನ ಹಿರಿಯರು, ಕೈಗೂಸು, ಗಾಲಿಕುರ್ಚಿ ಇರುವ ಮನೆಗೆ ನಿಲ್ದಾಣದ ಲಿಫ್ಟ್ ಯಾವ ಬಾಗಿಲ ಬಳಿ ಇದೆ ಎಂಬುದೇ ಮೊದಲ ಪ್ರಶ್ನೆ. ಸಾಮಾನ್ಯವಾಗಿ ನಾಲ್ಕು ಬಾಗಿಲಿದ್ದರೆ ಒಂದರಲ್ಲೋ ಎರಡರಲ್ಲೋ ಮಾತ್ರ ಲಿಫ್ಟ್ ಇರುತ್ತದೆ. ಅದು ರಸ್ತೆಯ ಆಚೆ ಬದಿಗಿದ್ದರೆ ಅವರ ಪಾಲಿಗೆ ನಿಲ್ದಾಣವೂ ಆಚೆ ಬದಿಗೇ ಇದ್ದಂತೆ.

ಕರಾರಿನ ವಿಷಯ ಎಲ್ಲ ಬಾಡಿಗೆ ಮನೆಗಳಂತೆಯೇ: ಮನೆ ಅವರದ್ದೇ ಎಂಬುದಕ್ಕೆ ದಾಖಲೆ ನೋಡದೆ, ಮನೆಯನ್ನು ಕಣ್ಣಾರೆ ಕಾಣದೆ ಒಂದು ಕಾಸೂ ಕೊಡಬೇಡಿ. ನಿರ್ವಹಣೆಯ ಹಣ ಬಾಡಿಗೆಯೊಳಗೋ ಹೊರಗೋ, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ನೋಟಿಸ್ ಅವಧಿ ಎಷ್ಟು ಎಂಬುದು ಬರಹದಲ್ಲಿರಲಿ. ನಿಲ್ದಾಣದ ಪಕ್ಕದ ಮನೆಗೆ ವಿಶೇಷವಾಗಿ ನೋಡಬೇಕಾದದ್ದು ಒಂದೇ, ಇಂತಿಷ್ಟು ತಿಂಗಳು ಬಿಡುವಂತಿಲ್ಲ ಎಂಬ ಲಾಕ್-ಇನ್ ಷರತ್ತು. ಸದ್ದು ಸಹಿಸಲಾಗುವುದೇ ಇಲ್ಲವೇ ಎಂಬುದು ಸುಮಾರು ಎರಡು ತಿಂಗಳಲ್ಲಿ ಗೊತ್ತಾಗುತ್ತದೆ. ಹನ್ನೊಂದು ತಿಂಗಳು ಕಟ್ಟಿಹಾಕುವ ಕರಾರಿಗಿಂತ ಮೂರು ತಿಂಗಳಿನದಕ್ಕೆ ಚೌಕಾಸಿ ಮಾಡಿ, ಅದಕ್ಕಾಗಿ ಬಾಡಿಗೆಯಲ್ಲಿ ತುಸು ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಕೊನೆಗೆ ಎರಡು ಮನೆ ಸಮಸಮವಾಗಿ ನಿಂತರೆ, ರೈಲು ಕೆಟ್ಟು ನಿಂತ ದಿನ ಯಾವ ಮನೆಯಿಂದ ಕೆಲಸಕ್ಕೆ ಹೋಗಬಹುದು ಎಂದು ಕೇಳಿಕೊಳ್ಳಿ. ಒಂದು ರೈಲು ಮಾರ್ಗದ ಜೊತೆಗೆ ಅದೇ ದಿಕ್ಕಿಗೆ ಹೋಗುವ ಬಸ್ ಮಾರ್ಗವೂ ನಡಿಗೆಯ ದೂರದಲ್ಲಿರುವ ಮನೆಯನ್ನೇ ಆರಿಸಿ, ನಿಲ್ದಾಣಕ್ಕೆ ನೂರು ಮೀಟರ್ ಹೆಚ್ಚಾದರೂ ಚಿಂತೆಯಿಲ್ಲ. ಮುಷ್ಕರ, ಸಿಗ್ನಲ್ ದೋಷ, ವಾರಾಂತ್ಯದ ಹಳಿ ದುರಸ್ತಿ ಎಲ್ಲ ನಗರಗಳಲ್ಲೂ ಬರುತ್ತವೆ. ಮನೆಗೆ ಬಂದು ಸೇರಿದ ಮೇಲೆ ಮೊದಲ ವಾರದಲ್ಲೇ, ಇಳಿಯುವ ನಿಲ್ದಾಣದಲ್ಲಿ ಮೆಟ್ಟಿಲ ಎದುರಿಗೆ ಯಾವ ಬೋಗಿಯ ಎಷ್ಟನೇ ಬಾಗಿಲು ಬಂದು ನಿಲ್ಲುತ್ತದೆ ಎಂದು ನೋಡಿಟ್ಟುಕೊಳ್ಳಿ. ಹತ್ತುವಾಗಲೇ ಆ ಬಾಗಿಲ ಬಳಿ ನಿಂತರೆ ಇಳಿದವರ ಜಂಗುಳಿಗೆ ಮುಂಚೆ ಎಸ್ಕಲೇಟರ್ ಹಿಡಿಯಬಹುದು. ಬದಲಾಯಿಸುವ ನಿಲ್ದಾಣವಿದ್ದರೆ ಅಲ್ಲಿಗೂ ಇದೇ ಲೆಕ್ಕ, ಎಷ್ಟೋ ಸಲ ಮುಂದಿನ ರೈಲು ಸಿಗುವುದೋ ತಪ್ಪುವುದೋ ಎಂಬುದನ್ನು ಆ ಒಂದು ನಿಮಿಷ ನಿರ್ಧರಿಸುತ್ತದೆ.